2004-05ರ ಎನ್‌ಎಚ್‌ಎಲ್ ಲಾಕೌಟ್: ಸ್ಯಾಲರಿ ಕ್ಯಾಪ್ ಜಗಳದಲ್ಲಿ ಕೊನೆಗೆ ಗೆದ್ದಿದ್ದು ಯಾರು?

ಮಿಸ್ಸಿಸಾಗಾ_ಮಂಜ:
ಎಲ್ಲರಿಗೂ ನಮಸ್ಕಾರ. ಒಂದು ಪಂಥ ತೀರಿಸಿಕೊಡಿ. ಆಫೀಸಿನಲ್ಲಿ ಊಟಕ್ಕೆ ಕೂತಾಗ ಬೇಸ್‌ಬಾಲ್ ಮಾತು ಬಂತು. ಅಲ್ಲಿ ಆಟಗಾರರಿಗೂ ಮಾಲೀಕರಿಗೂ ಇರುವ ಒಪ್ಪಂದ ಮುಗಿಯುವುದು 2026ರ ಡಿಸೆಂಬರ್ 1ಕ್ಕೆ. ಸ್ಯಾಲರಿ ಕ್ಯಾಪ್, ಅಂದರೆ ಒಂದು ತಂಡ ಆಟಗಾರರ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬೇಕು ಅನ್ನುವ ಮಿತಿ, ಬೇಕು ಅನ್ನುವ ಮಾತು ಮಾಲೀಕರ ಕಡೆಯಿಂದ ಜೋರಾಗಿದೆ. ಪಕ್ಕದಲ್ಲಿದ್ದ ಗೆಳೆಯ, ಇಲ್ಲೇ ಹುಟ್ಟಿ ಬೆಳೆದವನು, "ಕ್ಯಾಪ್ ಒಪ್ಪಿಕೊಂಡರೆ ಆಟಗಾರರ ಕಥೆ ಮುಗೀತು, 2004ರಲ್ಲಿ ಐಸ್ ಹಾಕಿಯವರು ಮುಷ್ಕರ ಮಾಡಿ ಮಣ್ಣು ಮುಕ್ಕಿದರಲ್ಲ" ಅಂದ. ನಾನು ಸುಮ್ನೆ ಇರಬೇಕಿತ್ತು. "ಹಾಗೇನಿಲ್ಲ, ಈಗ ನೋಡು ಅವರ ಸಂಬಳ" ಅಂದುಬಿಟ್ಟೆ. ಸೋತವನು ಮಸಾಲೆ ದೋಸೆ ಕೊಡಿಸಬೇಕು ಅಂತ ಪಂಥ ಆಯಿತು.

ನಾನು ಕೆನಡಾಕ್ಕೆ ಬಂದಿದ್ದೇ 2016ರಲ್ಲಿ. ಆಗ ಎನ್‌ಎಚ್‌ಎಲ್, ಅಂದರೆ ಅಮೆರಿಕ-ಕೆನಡಾದ ಐಸ್ ಹಾಕಿ ಲೀಗ್‌ನಲ್ಲಿ, ಏನಾಯಿತು ಅಂತ ಸರಿಯಾಗಿ ಗೊತ್ತಿಲ್ಲ. ಬಲ್ಲವರು ಹೇಳಿ, ಗೆದ್ದಿದ್ದು ಯಾರು?

ಪೀಣ್ಯ_ಪಾಳಿ:
ಮೊದಲು ನಿಮ್ಮ ಗೆಳೆಯನ ಒಂದು ಪದ ತಿದ್ದಿ. ಅದು ಮುಷ್ಕರ ಅಲ್ಲ, ಲಾಕೌಟ್. ಕೆಲಸಗಾರ ಕೆಲಸ ನಿಲ್ಲಿಸಿದರೆ ಮುಷ್ಕರ, ಮಾಲೀಕ ಗೇಟಿಗೆ ಬೀಗ ಹಾಕಿದರೆ ಲಾಕೌಟ್. 2004ರ ಸೆಪ್ಟೆಂಬರ್‌ನಲ್ಲಿ ಬೀಗ ಹಾಕಿದ್ದು ಮಾಲೀಕರು. ಆಟಗಾರರು ನಿಜವಾಗಿ ಮುಷ್ಕರ ಮಾಡಿದ್ದು 1992ರ ಏಪ್ರಿಲ್‌ನಲ್ಲಿ, ಅದೂ ಹತ್ತು ದಿನ. ಪೀಣ್ಯದಲ್ಲಿ ಇಪ್ಪತ್ತು ವರ್ಷ ಪಾಳಿ ಮಾಡಿದವನು ನಾನು. ಈ ಎರಡು ಪದ ಅದಲು ಬದಲಾದರೆ ಮೈ ಉರಿಯುತ್ತದೆ.

ಕೊಡಗಿನ_ಕೋಲು:
ಶೀರ್ಷಿಕೆಯಲ್ಲಿ ಎನ್‌ಎಚ್‌ಎಲ್ ಅನ್ನುವುದನ್ನು ಎಚ್‌ಐಎಲ್ (ಹಾಕಿ ಇಂಡಿಯಾ ಲೀಗ್) ಅಂತ ಓದಿಕೊಂಡು ಒಳಗೆ ಬಂದೆ. ನಮ್ಮ ಹುಲ್ಲಿನ ಹಾಕಿ ಅಲ್ವಾ ಇದು? 😀 ಇರಲಿ, ಬಂದಾಯಿತು, ಕೂತು ಓದುತ್ತೇನೆ.

ಕ್ಯಾಲ್ಗರಿ_ಚಳಿ:
ಮಂಜಣ್ಣ, ನಾನು ಕ್ಯಾಲ್ಗರಿಗೆ ಬಂದಿದ್ದು 2003ರಲ್ಲಿ. ಕಥೆ ಹೇಳುತ್ತೇನೆ, ಸ್ವಲ್ಪ ಉದ್ದ.

ನಮ್ಮ ಫ್ಲೇಮ್ಸ್ ತಂಡ ಏಳು ವರ್ಷ ಪ್ಲೇಆಫ್ ಮುಖ ನೋಡಿರಲಿಲ್ಲ. 2004ರಲ್ಲಿ ನೇರ ಫೈನಲ್‌ಗೆ ಹೋಯಿತು. 17ನೇ ಅವೆನ್ಯೂ ತುಂಬ ಕೆಂಪು ಅಂಗಿ. ಜೂನ್ 7ಕ್ಕೆ ಏಳನೇ ಪಂದ್ಯದಲ್ಲಿ ಟ್ಯಾಂಪಾ ಎದುರು 2-1ರಿಂದ ಸೋತೆವು. ಮುಂದಿನ ವರ್ಷ ನೋಡಿಕೊಳ್ಳೋಣ ಅಂದುಕೊಂಡೆವು. ಆ ಮುಂದಿನ ವರ್ಷ ಬರಲೇ ಇಲ್ಲ.

ಕಾರಣ ಇಷ್ಟು. ಆಗ ಒಂದು ತಂಡ ಎಷ್ಟು ಬೇಕಾದರೂ ಸಂಬಳ ಕೊಡಬಹುದಿತ್ತು. ಡೆಟ್ರಾಯ್ಟ್, ನ್ಯೂಯಾರ್ಕ್ ರೇಂಜರ್ಸ್ ಕಡೆಯವರು 75 ಮಿಲಿಯನ್ ಡಾಲರ್ ದಾಟಿಸಿ ಖರ್ಚು ಮಾಡುತ್ತಿದ್ದರು. ಪಿಟ್ಸ್‌ಬರ್ಗ್‌ನಂಥವರು 23 ಮಿಲಿಯನ್ ಆಸುಪಾಸು. ಕೆನಡಾ ತಂಡಗಳ ಪಾಡು ಇನ್ನೂ ಕಷ್ಟ. ಟಿಕೆಟ್ ದುಡ್ಡು ಬರುವುದು ಕೆನಡಾ ಡಾಲರ್‌ನಲ್ಲಿ, ಸಂಬಳ ಕೊಡುವುದು ಅಮೆರಿಕ ಡಾಲರ್‌ನಲ್ಲಿ. 2002ರ ಹೊತ್ತಿಗೆ ನಮ್ಮ ಡಾಲರ್ 62 ಸೆಂಟ್‌ಗೆ ಇಳಿದಿತ್ತು. ಕ್ವಿಬೆಕ್ ತಂಡ 1995ರಲ್ಲೇ ಕೊಲರಾಡೊಗೆ ಹೋಗಿತ್ತು, ವಿನಿಪೆಗ್ 1996ರಲ್ಲಿ ಫೀನಿಕ್ಸ್‌ಗೆ. ಮುಂದಿನ ಸರದಿ ನಮ್ಮದೇನೋ ಅನ್ನುವ ಭಯ ಊರಿನಲ್ಲಿ ಇತ್ತು.

ಲೀಗ್ ಮುಖ್ಯಸ್ಥ ಗ್ಯಾರಿ ಬೆಟ್‌ಮನ್ ಕೇಳಿದ್ದು ಒಂದೇ: ಖರ್ಚಿಗೆ ಖಾತ್ರಿ ಬೇಕು. ಅಂದರೆ ಕ್ಯಾಪ್. ಆಟಗಾರರ ಸಂಘದ ಬಾಬ್ ಗುಡೆನೋ ಹೇಳಿದ್ದೂ ಒಂದೇ: ಕ್ಯಾಪ್ ಬಿಟ್ಟು ಬೇರೆ ಏನಾದರೂ ಕೇಳಿ. 2004ರ ಡಿಸೆಂಬರ್ 9ಕ್ಕೆ ಆಟಗಾರರು, "ನಮ್ಮ ಎಲ್ಲರ ಸಂಬಳದಲ್ಲಿ 24% ಕಡಿತ ಮಾಡಿಕೊಳ್ಳಿ, ಜಾಸ್ತಿ ಖರ್ಚು ಮಾಡುವ ತಂಡಕ್ಕೆ ತೆರಿಗೆ ಹಾಕಿ, ಕ್ಯಾಪ್ ಮಾತ್ರ ಬೇಡ" ಅಂದರು. ಇದ್ದ ಸಂಬಳದ ಕಾಲುಭಾಗವನ್ನು ತಾವೇ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ಮಾಲೀಕರು ಕಡಿತ ಜೇಬಿಗೆ ಹಾಕಿಕೊಂಡು, ಕ್ಯಾಪ್ ಕೂಡ ಬೇಕು ಅಂದರು.

2005ರ ಫೆಬ್ರವರಿ 14ಕ್ಕೆ ಗುಡೆನೋ ಮೊದಲ ಸಲ ಕ್ಯಾಪ್ ಅನ್ನುವ ಪದ ಒಪ್ಪಿಕೊಂಡರು. ಮಿತಿ ತಂಡಕ್ಕೆ 52 ಮಿಲಿಯನ್ ಇರಲಿ ಅಂತ ಆಟಗಾರರು ಅಂದರು, ಲೀಗ್ 40 ಅಂದಿತು. ಮಾರನೆಯ ದಿನ ಲೀಗ್ ಕೊನೆಯ ಮಾತು 42.5 ಅಂದಿತು. ಆಟಗಾರರು 49ಕ್ಕೆ ಇಳಿದರು. ಫೆಬ್ರವರಿ 16ಕ್ಕೆ ಬೆಟ್‌ಮನ್ ಇಡೀ ಸೀಸನ್ ರದ್ದು ಮಾಡಿದರು. 1,230 ಪಂದ್ಯ ಹೋಯಿತು.

ಸುಮ್ನೆ_ಓದೋಳು:
ಕ್ಯಾಲ್ಗರಿಯವರೇ, ದಯವಿಟ್ಟು ಕೋಟಿಯಲ್ಲಿ ಹೇಳಿ. ಮಿಲಿಯನ್ ಅಂದ ಕೂಡಲೇ ನನ್ನ ತಲೆ ನಿಂತುಹೋಗುತ್ತದೆ.

ಲೆಕ್ಕದ_ಶೀನ:
ಕೋಟಿ ಲೆಕ್ಕ ನನಗೆ ಬಿಡಿ ಅಕ್ಕ. ಲೀಗ್ 4.25 ಕೋಟಿ ಡಾಲರ್, ಆಟಗಾರರು 4.9 ಕೋಟಿ. ವ್ಯತ್ಯಾಸ ತಂಡಕ್ಕೆ 65 ಲಕ್ಷ. ಮೂವತ್ತು ತಂಡಕ್ಕೆ 19.5 ಕೋಟಿ. ಅದೂ ಎಲ್ಲರೂ ಮಿತಿಯ ತುದಿ ಮುಟ್ಟಿದರೆ ಮಾತ್ರ. ಅರ್ಧಕ್ಕರ್ಧ ತಂಡಗಳು ಅಷ್ಟು ಖರ್ಚು ಮಾಡುವವರೇ ಅಲ್ಲ, ಹಾಗಾಗಿ ನಿಜವಾದ ಅಂತರ ಇನ್ನೂ ಚಿಕ್ಕದು. ಅದಕ್ಕಾಗಿ ಸುಮಾರು 210 ಕೋಟಿ ಡಾಲರ್ ವ್ಯವಹಾರದ ಒಂದಿಡೀ ವರ್ಷವನ್ನು ಸುಟ್ಟರು.

ಈಗ ತಮಾಷೆ ನೋಡಿ. ಜುಲೈನಲ್ಲಿ ರಾಜಿ ಆದಾಗ ಮಿತಿ ಎಷ್ಟು? 3.9 ಕೋಟಿ. ಫೆಬ್ರವರಿಯಲ್ಲಿ ಬೇಡ ಅಂದಿದ್ದಕ್ಕಿಂತಲೂ ಕಡಿಮೆ. ಮೇಲೆ 24% ಕಡಿತವೂ ಉಳಿಯಿತು.

ಮಿಸ್ಸಿಸಾಗಾ_ಮಂಜ:
ಅಯ್ಯೋ, ಹಾಗಾದರೆ ದೋಸೆ ನಾನೇ ಕೊಡಿಸಬೇಕಾ?

ಲೆಕ್ಕದ_ಶೀನ:
ತಾಳಿ, ತಾಳಿ, ಮುಗಿದಿಲ್ಲ. ಫೆಬ್ರವರಿಯ ಅಂಕಿಗಳು ಬರೀ ಅಂಕಿ. ಲೀಗ್ ಬೆಳೆದರೂ ಅದರ ಜೊತೆ ತಾವಾಗಿ ಏರುವಂಥದ್ದಲ್ಲ. ಜುಲೈನದ್ದು ಸೂತ್ರ. ಲೀಗ್ ಆದಾಯದ 54% ಆಟಗಾರರಿಗೆ, ಆದಾಯ 270 ಕೋಟಿ ದಾಟಿದರೆ 57%. ಆದಾಯ ಏರಿದರೆ ಮಿತಿಯೂ ಏರಬೇಕು. ಆಟಗಾರರು ಹೆದರಿ ವರ್ಷಗಟ್ಟಲೆ ಬೇಡ ಬೇಡ ಅಂದಿದ್ದು ಈ ಜೋಡಣೆಯನ್ನೇ. ಕೊನೆಗೆ ಅವರನ್ನು ಕೈಹಿಡಿದಿದ್ದೂ ಅದೇ.

2005-06ರಲ್ಲಿ 3.9 ಕೋಟಿ. ಮರುವರ್ಷ 4.4. ಆಮೇಲೆ 5.03. 2008-09ಕ್ಕೆ 5.67 ಕೋಟಿ. ಮೂರೇ ವರ್ಷ!

ಇನ್ನೊಂದು ಅಂಕಿ ಕೊಡುತ್ತೇನೆ, ಗೆಳೆಯನಿಗೆ ತೋರಿಸಿ. ಮೇಲಿನ ಮಿತಿ ಇದ್ದ ಹಾಗೆ ಕೆಳಗೂ ಒಂದು ಮಿತಿ ಬಂತು. ಇಷ್ಟಕ್ಕಿಂತ ಕಡಿಮೆ ಖರ್ಚು ಮಾಡುವ ಹಾಗಿಲ್ಲ ಅಂತ. ಮೊದಲ ವರ್ಷ ಅದು 2.15 ಕೋಟಿ. 2008-09ರಲ್ಲಿ 4.07 ಕೋಟಿ. ಅಂದರೆ ಕಂಜೂಸ್ ತಂಡವೂ, ಮೂರು ವರ್ಷ ಹಿಂದೆ ಶ್ರೀಮಂತ ತಂಡಕ್ಕೆ ಹಾಕಿದ್ದ ಮಿತಿಗಿಂತ ಜಾಸ್ತಿ ಕೊಡಬೇಕಾಯಿತು.

ಸುಮ್ನೆ_ಓದೋಳು:
ಇದು ಚೆನ್ನಾಗಿದೆ. ಮಾಲೀಕರು ತೋಡಿದ ಹಳ್ಳಕ್ಕೆ ಮಾಲೀಕರೇ ಬಿದ್ದ ಹಾಗೆ.

ಡೆಟ್ರಾಯ್ಟ್_ದ್ಯಾಮ:
ಶೀನಣ್ಣ, ಅಂಕಿ ಸರಿ, ತೀರ್ಪು ತಪ್ಪು. ಮಿತಿ ಏರಿದ್ದಕ್ಕೆ ಸೂತ್ರ ಕಾರಣ ಅಂತೀರಿ. ಕೆನಡಾ ಡಾಲರ್ ಮರೆತಿರಾ? 2002ರಲ್ಲಿ 62 ಸೆಂಟ್ ಇದ್ದಿದ್ದು 2007ರ ಕೊನೆಗೆ ಅಮೆರಿಕ ಡಾಲರ್‌ಗಿಂತ ಮೇಲೆ ಹೋಗಿತ್ತು. ಟೊರೊಂಟೊ, ಮಾಂಟ್ರಿಯಲ್ ಟಿಕೆಟ್ ದುಡ್ಡು ಏನೂ ಮಾಡದೆ ಒಂದೂವರೆ ಪಟ್ಟು ಆಯಿತು. ಎಣ್ಣೆ ಬೆಲೆ ಏರಿ ಕೆನಡಾ ಡಾಲರ್ ಮೇಲೆ ಹೋಗಿದ್ದು ಗುಡೆನೋ ಬುದ್ಧಿವಂತಿಕೆಯಿಂದಲ್ಲ.

ಇನ್ನು ಕ್ಯಾಪ್ ಇಲ್ಲದಿದ್ದರೆ ಸಂಬಳ ಏರುತ್ತಿರಲಿಲ್ಲವಾ? ಬೇಸ್‌ಬಾಲ್ ನೋಡಿ. 1994ರಲ್ಲಿ ಕ್ಯಾಪ್ ಬೇಡ ಅಂತ ಮುಷ್ಕರ ಮಾಡಿದರು, ಫೈನಲ್ ಆದ ವರ್ಲ್ಡ್ ಸೀರೀಸ್ ರದ್ದಾಯಿತು, ಕ್ಯಾಪ್ ಬರಲಿಲ್ಲ. ಇವತ್ತು ಅಲ್ಲಿನ ದೊಡ್ಡ ಆಟಗಾರನ ಸಂಬಳ ಎಲ್ಲಿ, ಹಾಕಿಯವನದು ಎಲ್ಲಿ!

ನನ್ನ ಸ್ವಂತ ಹೊಟ್ಟೆಯುರಿಯೂ ಇದೆ, ಮುಚ್ಚಿಡುವುದಿಲ್ಲ. ನಮ್ಮ ತಂಡ ಕೂಡಿಟ್ಟಿದ್ದನ್ನು ಈ ಮಿತಿ ಹರಿದು ಹಂಚಿತು.

ಕ್ಯಾಲ್ಗರಿ_ಚಳಿ:
ದ್ಯಾಮಣ್ಣ, ನಿಮ್ಮದು ಜಮೀನ್ದಾರನ ಅಳು. ನಮ್ಮೂರಲ್ಲಿ ತಂಡ ಉಳಿದಿದ್ದೇ ದೊಡ್ಡದು.

ಪೀಣ್ಯ_ಪಾಳಿ:
ನೀವಿಬ್ಬರೂ ತಂಡಗಳ ಲೆಕ್ಕ ಮಾಡುತ್ತಿದ್ದೀರಿ. ಆಳುಗಳ ಲೆಕ್ಕ ಯಾರು ಮಾಡುತ್ತಾರೆ?

ಮಾರ್ಕ್ ಮೆಸಿಯೆ, ರಾನ್ ಫ್ರಾನ್ಸಿಸ್, ಆಲ್ ಮ್ಯಾಕಿನಿಸ್, ಸ್ಕಾಟ್ ಸ್ಟೀವನ್ಸ್, ನಾಲ್ಕೂ ಜನ 2005ರ ಸೆಪ್ಟೆಂಬರ್‌ನಲ್ಲಿ ನಿವೃತ್ತಿ ಹೇಳಿದರು. ಇವರಿಗೆ ಆಗಲೇ ಬೇಕಾದಷ್ಟು ಹೆಸರು, ದುಡ್ಡು ಇತ್ತು, ಬಿಡಿ. ಹೆಸರೇ ಗೊತ್ತಿಲ್ಲದ ಮೂರನೇ ಸಾಲಿನ ಆಟಗಾರನನ್ನು ನೆನೆಯಿರಿ. ಮೂವತ್ತೈದು ವಯಸ್ಸು, ಮೊಣಕಾಲು ಹೋಗಿದೆ, ಕೈಯಲ್ಲಿ ಉಳಿದಿದ್ದು ಒಂದೇ ವರ್ಷದ ಆಟ. ಅವನ ಆ ವರ್ಷ ಹೋಯಿತು. 2008ರಲ್ಲಿ 5.67 ಕೋಟಿ ಆಯಿತು ಅಂದರೆ ಅವನಿಗೇನು? ಸಂಘದಲ್ಲಿ ಇದೇ ಕಷ್ಟ. ತ್ಯಾಗ ಮಾಡುವವರು ಒಬ್ಬರು, ಉಣ್ಣುವವರು ಇನ್ನೊಬ್ಬರು. ನಾವು ಗೇಟಿನ ಮುಂದೆ ಕೂತಾಗಲೂ ಹೀಗೇ ಆಗಿತ್ತು. ನಿವೃತ್ತಿಗೆ ಎಂಟು ತಿಂಗಳಿದ್ದವರು ಪೆಂಡಾಲ್‌ನಲ್ಲಿ ಕೂತು ಹೋದರು, ಹೊಸ ಒಪ್ಪಂದದ ಬಾಕಿ ಹಣ ಸಿಕ್ಕಿದ್ದು ಹೊಸಬರಿಗೆ.

ಸಂಘ ಒಡೆದಿದ್ದನ್ನೂ ಹೇಳಬೇಕು. ಜುಲೈನಲ್ಲಿ ರಾಜಿಗೆ ಓಟು ಹಾಕಿದಾಗ 87% ಆಟಗಾರರು ಹೂಂ ಅಂದರು. ಅದಾದ ಕೆಲವೇ ದಿನಕ್ಕೆ ಗುಡೆನೋ ಕುರ್ಚಿ ಬಿಟ್ಟರು. ಗೆದ್ದ ನಾಯಕ ಹಾಗೆ ಹೋಗುವುದಿಲ್ಲ.

ಮಂಡ್ಯದ_ಗಾಣ:
ನನಗೆ ಹಾಕಿ ಗೊತ್ತಿಲ್ಲ, ಕಬ್ಬು ಗೊತ್ತು. ನೀವು ಹೇಳುತ್ತಿರುವ ಸೂತ್ರ ಓದಿ ನಗು ಬಂತು. ಕಾರ್ಖಾನೆಗೆ ಬಂದ ಆದಾಯದಲ್ಲಿ ರೈತನಿಗೆ 70, ಕಾರ್ಖಾನೆಗೆ 30 ಅಂತ ನಮ್ಮಲ್ಲೂ ಒಂದು ಲೆಕ್ಕ ಇದೆ, ರಂಗರಾಜನ್ ಸಮಿತಿ ಹೇಳಿದ್ದು. ಕೇಳೋಕೆ ಚೆನ್ನಾಗಿದೆ. ಆದರೆ ಆದಾಯ ಅಂದರೆ ಯಾವುದು? ಸಕ್ಕರೆ ಸರಿ. ಕಾಕಂಬಿ? ಎಥನಾಲ್? ಸಿಪ್ಪೆ ಉರಿಸಿ ಮಾರುವ ಕರೆಂಟು? ಇಳುವರಿ ಎಷ್ಟು ಅಂತ ಅಳೆಯುವವನು ಯಾರು? ತೂಕದ ಯಂತ್ರ ಯಾರದು? ಪಾಲಿನ ಜಗಳ ಶೇಕಡಾ ಎಷ್ಟು ಅನ್ನುವುದರಲ್ಲಿ ಇಲ್ಲ ಸ್ವಾಮಿ, ಲೆಕ್ಕದ ಪುಸ್ತಕ ಯಾರ ಕೈಲಿದೆ ಅನ್ನುವುದರಲ್ಲಿ ಇದೆ. ನಿಮ್ಮ ಹಾಕಿಯವರು ಪುಸ್ತಕ ನೋಡಿದ್ದರಾ?

ಲೆಕ್ಕದ_ಶೀನ:
ಗಾಣದವರೇ, ಈ ಚರ್ಚೆಯಲ್ಲಿ ಬಂದ ಅತ್ಯುತ್ತಮ ಪ್ರಶ್ನೆ. ಜಗಳದ ಬೇರು ಅಲ್ಲೇ ಇದ್ದಿದ್ದು.

ಲೀಗ್‌ನವರು ಆರ್ಥರ್ ಲೆವಿಟ್ ಅನ್ನುವವರಿಂದ ವರದಿ ಬರೆಸಿದರು. ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆಗೆ ಅಧ್ಯಕ್ಷರಾಗಿದ್ದವರು, ದೊಡ್ಡ ಹೆಸರು. 2002-03ರಲ್ಲಿ ಲೀಗ್‌ಗೆ 27.3 ಕೋಟಿ ಡಾಲರ್ ನಷ್ಟ, ಆದಾಯದ 75% ಆಟಗಾರರಿಗೇ ಹೋಗುತ್ತಿದೆ ಅಂತ ಅವರು ಬರೆದರು. ಫೋರ್ಬ್ಸ್ ಪತ್ರಿಕೆ ತನ್ನದೇ ಲೆಕ್ಕ ಹಾಕಿದಾಗ ನಷ್ಟ ಅದರ ಅರ್ಧವೂ ಬರಲಿಲ್ಲ. ಯಾಕೆ? ತಂಡದ ಮಾಲೀಕನೇ ಎಷ್ಟೋ ಕಡೆ ಅರೀನಾದ ಮಾಲೀಕ, ಇನ್ನು ಕೆಲವು ಕಡೆ ಟಿವಿ ಚಾನೆಲ್‌ನ ಮಾಲೀಕ. ಪಾರ್ಕಿಂಗ್, ಬಿಯರ್, ಬಾಕ್ಸ್ ಸೀಟಿನ ದುಡ್ಡು ಎಡ ಜೇಬಿಗೆ ಬಿತ್ತಾ, ಬಲ ಜೇಬಿಗೆ ಬಿತ್ತಾ? ನಷ್ಟ ತೋರಿಸುವುದು ಯಾವ ಜೇಬಿನದ್ದು? ನಿಮ್ಮ ಕಾಕಂಬಿ ಕಥೆಯೇ.

ರಾಜಿಯಲ್ಲಿ ಆಟಗಾರರಿಗೆ ಸಿಕ್ಕಿದ ದೊಡ್ಡ ವಸ್ತು ಅಂದರೆ ಇದು: ಹಾಕಿ ಆದಾಯ ಅಂದರೆ ಯಾವುದು ಅಂತ ಪುಟಗಟ್ಟಲೆ ಬರೆದು ಸಹಿ ಹಾಕಿದರು. ಸಂಘಕ್ಕೆ ಲೆಕ್ಕ ತಪಾಸಣೆ ಮಾಡುವ ಹಕ್ಕು ಬಂತು. ಪತ್ರಿಕೆಗಳಲ್ಲಿ 42.5, 49 ಅಂತ ದಪ್ಪಕ್ಷರದಲ್ಲಿ ಬಂತು. ಈ ವಿಷಯ ಒಳಪುಟದಲ್ಲಿ ಉಳಿಯಿತು.

ಇದಕ್ಕೆ ಪ್ರತಿಯಾಗಿ ಮಾಲೀಕರಿಗೆ ಸಿಕ್ಕಿದ್ದು ಎಸ್ಕ್ರೊ. ನಿಮ್ಮ ಸಂಬಳ ನೂರು ರೂಪಾಯಿ ಅಂದುಕೊಳ್ಳಿ. ಹತ್ತೋ ಹದಿನೈದೋ ಹಿಡಿದಿಟ್ಟುಕೊಳ್ಳುತ್ತಾರೆ. ವರ್ಷದ ಕೊನೆಗೆ ಆಟಗಾರರ ಒಟ್ಟು ಪಾಲು ಒಪ್ಪಿದ ಶೇಕಡಾವನ್ನು ಮೀರಿದ್ದರೆ ಆ ದುಡ್ಡು ಮಾಲೀಕರಿಗೆ ವಾಪಸ್. ಮೀರದಿದ್ದರೆ ನಿಮಗೆ. ಕೋವಿಡ್ ನಂತರ 2020-21ರಲ್ಲಿ 20% ಹಿಡಿದಿದ್ದರು. ಆಟಗಾರರಿಗೆ ಕ್ಯಾಪ್‌ಗಿಂತ ಸಿಟ್ಟು ಇದರ ಮೇಲೆ.

ಮಂಡ್ಯದ_ಗಾಣ:
ಹಿಡಿದಿಟ್ಟ ಬಾಕಿ ಅನ್ನಿ. ಅದೂ ನಮಗೆ ಹೊಸದಲ್ಲ. 🙏

ಹಳೇ_ಹದ್ದು:
ನಾನು ಆ ಚಳಿಗಾಲ ಟೊರೊಂಟೊದಲ್ಲಿ ವಿದ್ಯಾರ್ಥಿ. ಅರೀನಾದಿಂದ ನಡೆದು ಹೋಗುವ ದೂರದಲ್ಲಿ ಒಂದು ಬಾರ್‌ನಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಮ್ಯಾಚ್ ಇದ್ದ ದಿನ ಲೋಟ ತೊಳೆದು ತೊಳೆದು ಬೆರಳು ಸುಕ್ಕಾಗುತ್ತಿತ್ತು. ಲಾಕೌಟ್ ಬಂದ ಮೇಲೆ ವಾರಕ್ಕೆ ಐದು ಪಾಳಿ ಇದ್ದಿದ್ದು ಎರಡಾಯಿತು, ನವೆಂಬರ್‌ನಲ್ಲಿ ಒಂದಾಯಿತು. ಕೊನೆಯ ಎರಡು ವಾರದ ಸಂಬಳ ಇವತ್ತು ಕೊಡುತ್ತೇನೆ, ನಾಳೆ ಕೊಡುತ್ತೇನೆ ಅಂದ ಯಜಮಾನ ಕೊನೆಗೆ ಕೊಡಲೇ ಇಲ್ಲ. ನಮ್ಮ ಪರವಾಗಿ ನ್ಯೂಯಾರ್ಕ್ ಹೋಟೆಲ್‌ನಲ್ಲಿ ಮಾತುಕತೆಗೆ ಕೂತವರು ಯಾರೂ ಇರಲಿಲ್ಲ. 3.9 ಆದರೇನು, 4.9 ಆದರೇನು, ನನಗೆ ರೂಮಿನ ಬಾಡಿಗೆ ಕಟ್ಟಬೇಕಿತ್ತು.

ಶನಿವಾರ ರಾತ್ರಿ ಸಿಬಿಸಿ ಟಿವಿಯಲ್ಲಿ ಹಾಕಿ ಬದಲು ಸಿನಿಮಾ ಹಾಕುತ್ತಿದ್ದರು, ಹೆಸರೂ 'ಮೂವಿ ನೈಟ್ ಇನ್ ಕೆನಡಾ'. ಖಾಲಿ ಬಾರ್‌ನಲ್ಲಿ ನಾನು, ಅಡುಗೆಯವನು, ಇಬ್ಬರೇ ಕೂತು ನೋಡಿದ್ದೇವೆ. ಅವನು ಶ್ರೀಲಂಕಾದ ತಮಿಳರವನು, ಒಳ್ಳೆಯ ಮನುಷ್ಯ. ರಸಂ ಮಾಡಿ ತರುತ್ತಿದ್ದ.

ಇನ್ನೊಂದು ನೆನಪು. ಸೀಸನ್ ರದ್ದಾಗಿ ಮೂರು ದಿನಕ್ಕೆ, ಫೆಬ್ರವರಿ 19ಕ್ಕೆ, ಮತ್ತೆ ಮಾತುಕತೆ ಕರೆದರು. ಹಾಕಿಯ ದಂತಕಥೆಗಳಾದ ವೇಯ್ನ್ ಗ್ರೆಟ್ಸ್ಕಿ, ಮಾರಿಯೋ ಲೆಮ್ಯೂ ಇಬ್ಬರೂ ಹೋದರು. 4.5 ಕೋಟಿಗೆ ಮುಗಿಯಿತಂತೆ ಅಂತ ಊರೆಲ್ಲ ಸುದ್ದಿ. ನಮ್ಮ ಯಜಮಾನ ಬಿಯರ್‌ಗೆ ಆರ್ಡರ್ ಕೂಡ ಕೊಟ್ಟುಬಿಟ್ಟಿದ್ದ. ಸಂಜೆಗೆ ಏನೂ ಆಗಲಿಲ್ಲ ಅಂತ ಗೊತ್ತಾಯಿತು.

ಕ್ಯಾಲ್ಗರಿ_ಚಳಿ:
ಗ್ರೆಟ್ಸ್ಕಿ ಆಗ ಫೀನಿಕ್ಸ್ ತಂಡದಲ್ಲಿ ಪಾಲುದಾರ, ಲೆಮ್ಯೂ ಪಿಟ್ಸ್‌ಬರ್ಗ್ ಮಾಲೀಕ. ದೇವರುಗಳೇ ಆದರೂ ಕೂತಿದ್ದು ಮೇಜಿನ ಆ ಕಡೆ. ಇದನ್ನು ಜನ ಮರೆಯುತ್ತಾರೆ.

ಕೊಡಗಿನ_ಕೋಲು:
ಹದ್ದು ಅವರ ಮಾತು ಮನಸ್ಸಿಗೆ ತಾಗಿತು. ಆ ವರ್ಷ ಆಟಗಾರರು ಏನು ಮಾಡಿದರು, ಮನೆಯಲ್ಲಿ ಕೂತರಾ?

ಡೆಟ್ರಾಯ್ಟ್_ದ್ಯಾಮ:
ಎಲ್ಲಿ ಕೂರುತ್ತಾರೆ! ಮುನ್ನೂರಕ್ಕೂ ಜಾಸ್ತಿ ಜನ ಯೂರೋಪ್‌ಗೆ ಹಾರಿದರು. ಜೋ ಥಾರ್ನ್‌ಟನ್, ರಿಕ್ ನ್ಯಾಶ್ ಸ್ವಿಟ್ಜರ್‌ಲ್ಯಾಂಡ್‌ನ ದಾವೋಸ್‌ಗೆ ಹೋಗಿ ಕಪ್ ಗೆದ್ದರು. ರಷ್ಯಾದ ಕಜಾನ್ ತಂಡ ದುಡ್ಡು ಸುರಿದು ಲೆಕಾವಲಿಯೆ, ಹೀಟ್ಲಿ, ಕೊವಲ್‌ಚುಕ್ ಎಲ್ಲರನ್ನೂ ಗುಡ್ಡೆ ಹಾಕಿತು. ಕಪ್ ಗೆದ್ದಿದ್ದು ಮಾಸ್ಕೋದ ಡೈನಮೊ. ನಮ್ಮ ಡೆಟ್ರಾಯ್ಟ್‌ನ ದತ್ಸ್ಯುಕ್ ಅಲ್ಲಿದ್ದ, ಅದೊಂದೇ ಆ ವರ್ಷದ ಸಂತೋಷ.

ಲೀಗ್ ಗೆದ್ದವರಿಗೆ ಕೊಡುವ ಸ್ಟ್ಯಾನ್ಲಿ ಕಪ್ ಮೇಲೆ ಆ ವರ್ಷದ ಜಾಗದಲ್ಲಿ ಸೀಸನ್ ಆಡಲಿಲ್ಲ ಅಂತ ಕೆತ್ತಿಸಿದ್ದಾರೆ. ಅದಕ್ಕೂ ಮೊದಲು ಕಪ್ ಯಾರಿಗೂ ಸಿಗದೆ ಹೋಗಿದ್ದು 1919ರಲ್ಲಿ, ಸ್ಪ್ಯಾನಿಷ್ ಫ್ಲೂ ಬಂದಾಗ. ಅಲ್ಲಿ ಸಾಂಕ್ರಾಮಿಕ ರೋಗ, ಇಲ್ಲಿ ತಂಡಕ್ಕೆ 65 ಲಕ್ಷ.

ಸುಮ್ನೆ_ಓದೋಳು:
ನಮ್ಮ ಐಪಿಎಲ್‌ನಲ್ಲೂ ಮಿತಿ ಇದೆ ಅಲ್ವಾ? 2025ಕ್ಕೆ ತಂಡಕ್ಕೆ 120 ಕೋಟಿ ರೂಪಾಯಿ. ಅಲ್ಲಿ ಯಾಕೆ ಯಾರೂ ಜಗಳ ಮಾಡುವುದಿಲ್ಲ?

ಪೀಣ್ಯ_ಪಾಳಿ:
ಜಗಳ ಮಾಡೋಕೆ ಎದುರಿಗೆ ಸಂಘ ಬೇಕಲ್ಲಮ್ಮ. ಈಗ ಆಡುತ್ತಿರುವವರಿಗೆ ಇಲ್ಲಿ ಸಂಘವೇ ಇಲ್ಲ. ಬೋರ್ಡ್ ಒಂದು ಅಂಕಿ ಹೇಳುತ್ತದೆ, ಅದೇ ಆಗುತ್ತದೆ. ಹರಾಜಿನಲ್ಲಿ 27 ಕೋಟಿಗೆ ಹೋದವನ ಫೋಟೊ ಪೇಪರ್‌ನಲ್ಲಿ ಬರುತ್ತದೆ. ಒಟ್ಟು ಆದಾಯದಲ್ಲಿ ಆಟಗಾರರಿಗೆ ಶೇಕಡಾ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಅಲ್ಲಿ 54ಕ್ಕೆ, 57ಕ್ಕೆ ಒಂದು ವರ್ಷ ಬಿಟ್ಟುಕೊಟ್ಟರು. ಇಲ್ಲಿ ಆ ಪ್ರಶ್ನೆಯೇ ಹುಟ್ಟಿಲ್ಲ.

ಕೊಡಗಿನ_ಕೋಲು:
ಹಾಕಿ ಇಂಡಿಯಾ ಲೀಗ್ ಮತ್ತೆ ಶುರುವಾದಾಗ ಗಂಡಸರ ತಂಡಕ್ಕೆ ನಾಲ್ಕು ಕೋಟಿ ರೂಪಾಯಿ ಇಟ್ಟಿದ್ದರು, ಹೆಂಗಸರ ತಂಡಕ್ಕೆ ಎರಡು. ಇಡೀ ತಂಡಕ್ಕೆ! ಅದಕ್ಕೇ ನಮ್ಮ ಕೊಡವ ಕುಟುಂಬ ಹಾಕಿ ಹಬ್ಬವೇ ವಾಸಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಶುರು ಮಾಡಿದ್ದು. ಸಂಬಳ ಇಲ್ಲ, ಮಿತಿ ಇಲ್ಲ, ಅಜ್ಜ ಮೊಮ್ಮಗ ಒಂದೇ ತಂಡ. ಲಾಕೌಟ್ ಮಾಡಿದರೆ ಅಜ್ಜಿಯೇ ಬಂದು ಬೀಗ ತೆಗೆಯುತ್ತಾರೆ.

ನಿರ್ವಾಹಕ:
ಐಪಿಎಲ್ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ಬೇಡ. ಕುಟುಂಬ ಹಾಕಿ ಬಗ್ಗೆ ಏನೂ ಅನ್ನುವುದಿಲ್ಲ, ನಾನೂ ವಿರಾಜಪೇಟೆಯವನೇ.

ಕ್ಯಾಲ್ಗರಿ_ಚಳಿ:
2012 ಸೇರಿಸದೆ ಪಂಥ ಮುಗಿಸಬೇಡಿ. ಗೆದ್ದೆವು ಅಂದುಕೊಂಡಿದ್ದ ಮಾಲೀಕರೇ ಏಳು ವರ್ಷಕ್ಕೆ ಮತ್ತೆ ಬೀಗ ಹಾಕಿದರು. ಆಟಗಾರರ ಪಾಲು 57% ಆಗಿತ್ತು. ಮಾಲೀಕರ ಮೊದಲ ಮಾತೇ 43%. ಎದುರಿಗೆ ಡೊನಾಲ್ಡ್ ಫೆಹ್ರ್, 1994ರಲ್ಲಿ ಬೇಸ್‌ಬಾಲ್ ಆಟಗಾರರ ಸಂಘ ನಡೆಸಿದ್ದ ಅದೇ ಮನುಷ್ಯ. 2013ರ ಜನವರಿ 6ರ ಬೆಳಗಿನ ಜಾವ 50-50ಕ್ಕೆ ಮುಗಿಯಿತು. ಸೀಸನ್ 48 ಪಂದ್ಯಕ್ಕೆ ಇಳಿಯಿತು.

ಅದರಲ್ಲಿ ನನಗೆ ನಗು ಬರುವ ಭಾಗ ಮಿನೆಸೋಟ ತಂಡದ್ದು. 2012ರ ಜುಲೈ 4ಕ್ಕೆ ಜ್ಯಾಕ್ ಪರೀಸೆ, ರಯನ್ ಸೂಟರ್ ಇಬ್ಬರಿಗೂ ತಲಾ 13 ವರ್ಷ, 9.8 ಕೋಟಿ ಡಾಲರ್. ಎರಡೂವರೆ ತಿಂಗಳಿಗೆ ಅದೇ ಮಾಲೀಕರು ಮಾತುಕತೆಯಲ್ಲಿ ಕೂತು, ಸಂಬಳ ಜಾಸ್ತಿಯಾಯಿತು ಅಂದರು. ಹೊಸ ರಾಜಿಯಲ್ಲಿ ಮುಂದಿನ ಆಟಗಾರರ ಒಪ್ಪಂದಗಳ ಆಯುಸ್ಸಿಗೆ ಹೆಚ್ಚೆಂದರೆ ಎಂಟು ವರ್ಷ ಅಂತ ಮಿತಿ ಬಂತು. 2021ರಲ್ಲಿ ಇಬ್ಬರನ್ನೂ ದುಡ್ಡು ಕೊಟ್ಟು ಮನೆಗೆ ಕಳಿಸಿದ ಮಿನೆಸೋಟಕ್ಕೆ, 2023-24, 2024-25ರ ಎರಡು ಸೀಸನ್‌ಗಳಲ್ಲಿ ಇಬ್ಬರದೂ ಸೇರಿ ವರ್ಷಕ್ಕೆ 1.4 ಕೋಟಿಗೂ ಜಾಸ್ತಿ ಮಿತಿ ಸುಮ್ನೆ ವ್ಯರ್ಥ. ಮಿತಿ ಬೇಕು ಅನ್ನುವವರಿಗೆ ಮಿತಿ ಬೇಕಿರುವುದು ತಮ್ಮ ಕೈಯನ್ನೇ ಕಟ್ಟಿಕೊಳ್ಳೋಕೆ.

ಡೆಟ್ರಾಯ್ಟ್_ದ್ಯಾಮ:
ಇದೊಂದು ಒಪ್ಪಿದೆ.

ಲೆಕ್ಕದ_ಶೀನ:
ಕೊನೆಯ ಅಂಕಿ. 2025-26ಕ್ಕೆ ಮಿತಿ 9.55 ಕೋಟಿ. 2025ರ ಜುಲೈನಲ್ಲಿ ಬೀಗ ಇಲ್ಲದೆ, ಸದ್ದಿಲ್ಲದೆ ಒಪ್ಪಂದ ಮುಂದುವರಿಸಿದರು, 2030ರವರೆಗೆ. ಇಬ್ಬರಿಗೂ ಪುಸ್ತಕದಲ್ಲಿ ಏನಿದೆ ಅಂತ ಗೊತ್ತು, ಕಚ್ಚಾಡೋಕೆ ವಿಷಯ ಕಡಿಮೆ. ನನ್ನ ತೀರ್ಪು: 2005ರಲ್ಲಿ ಆಟಗಾರರು ಸೋತರು, 2008ರಲ್ಲಿ ಗೆದ್ದರು, 2013ರಲ್ಲಿ ಮತ್ತೆ ಸ್ವಲ್ಪ ಸೋತರು.

ಪೀಣ್ಯ_ಪಾಳಿ:
2008ರಲ್ಲಿ ಗೆದ್ದವರು ಬೇರೆ ಆಟಗಾರರು. ಇದನ್ನು ನಾನು ಬಿಡುವುದಿಲ್ಲ.

ಮಿಸ್ಸಿಸಾಗಾ_ಮಂಜ:
ಎಲ್ಲರಿಗೂ ಧನ್ಯವಾದ. ಇವತ್ತು ಊಟಕ್ಕೆ ಶೀನಣ್ಣನ 4.07 ಕೋಟಿ ತೋರಿಸಿದೆ. ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು, ಅವನ ಚಿಕ್ಕಪ್ಪ ಆ ವರ್ಷ ಅರೀನಾದಲ್ಲಿ ಐಸ್ ಒರೆಸುವ ಗಾಡಿ ಓಡಿಸುತ್ತಿದ್ದರು ಅಂದ. ಆಮೇಲೆ ಆ ಕೆಲಸಕ್ಕೆ ವಾಪಸ್ ಹೋಗಲಿಲ್ಲವಂತೆ. ಹದ್ದು ಅವರು ಬರೆದಿದ್ದನ್ನು ಇಂಗ್ಲಿಷ್‌ನಲ್ಲಿ ಹೇಳಿದೆ. ಪಂಥದ ಮಾತು ಅಲ್ಲಿಗೆ ನಿಂತಿತು. ಶನಿವಾರ ಇಬ್ಬರೂ ಹೋಗುತ್ತಿದ್ದೇವೆ, ಬಿಲ್ 50-50.

ಡೆಟ್ರಾಯ್ಟ್_ದ್ಯಾಮ:
ಚಟ್ನಿ, ಕಾಫಿ ಆದಾಯದಲ್ಲಿ ಸೇರುತ್ತದಾ ಅಂತ ಮೊದಲೇ ಬರೆಸಿಕೊಳ್ಳಿ.

ಮಂಡ್ಯದ_ಗಾಣ:
ತೂಕ ನೋಡಿ ತಿನ್ನಿ.

ಸುಮ್ನೆ_ಓದೋಳು:
ಮಿಸ್ಸಿಸಾಗಾದಲ್ಲಿ ಒಳ್ಳೆಯ ದೋಸೆ ಎಲ್ಲಿ ಸಿಗುತ್ತದೆ ಅಂತ ಯಾರಾದರೂ ಹೇಳ್ತೀರಾ? ಮುಂದಿನ ತಿಂಗಳು ಅಕ್ಕನ ಮನೆಗೆ ಬರುತ್ತಿದ್ದೇನೆ.